ಎರಡನೆಯ ಚುಕ್ಕಿ

ಹೆಂಡತಿ ಲೋಟಕ್ಕೆ ಅರ್ಧವೇ ಚಹಾ ಬಗ್ಗಿಸಿದ್ದನ್ನು ಅವನು ನೋಡಿದ. ಅವನು ನೋಡಿದ್ದು ಅವಳಿಗೂ ಗೊತ್ತಾಗಿರಬೇಕು, ಇಲ್ಲದಿದ್ದರೆ ಅಷ್ಟು ಅವಸರದಲ್ಲಿ ಒಲೆಯ ಕಡೆ ಯಾಕೆ ತಿರುಗುತ್ತಿದ್ದಳು? ಮದುವೆಯಾದಾಗಿನಿಂದ ಕಂಠಮಟ್ಟ ತುಂಬಿಸಿ ಕೊಟ್ಟವಳು, ತುಳುಕಿದರೆ "ಇರಲಿ ಬಿಡಿ, ಕಡಿಮೆ ಆಯ್ತು ಅನ್ನೋಕಿಂತ ವಾಸಿ" ಎಂದು ನಗುತ್ತಿದ್ದವಳು. ಯಾವತ್ತಿನಿಂದ ಅರ್ಧವಾಯಿತೋ ಅವನಿಗೆ ಗೊತ್ತಿಲ್ಲ. ಅವನು ಕುಡಿದು ಮುಗಿಸುವುದನ್ನೇ ಕಾದು, ಏನೂ ಆಗದವಳ ಹಾಗೆ ಬಂದು ಇನ್ನರ್ಧ ಹಾಕಿ ಹೋದಳು. "ಕೈಗೇನಾಗಿದೆ ರೀ" ಎಂದು ಬಾಯಿಬಿಟ್ಟು ಕೇಳಿದ್ದರೆ ರೇಗಬಹುದಿತ್ತು, ನಿನ್ನ ಕಣ್ಣಿಗೇನಾಗಿದೆ ಎಂದು ತಿರುಗಿ ಬೀಳಬಹುದಿತ್ತು, ಜಗಳವಾಡಿ ಊಟ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ರಾಜಿಯಾಗಬಹುದಿತ್ತು. ಕೇಳದೆ ಕೊಟ್ಟ ಅರ್ಧ ಲೋಟಕ್ಕೆ ಏನು ಉತ್ತರ ಕೊಡುವುದು? ಅವನು ಎರಡೂ ಅರ್ಧಗಳನ್ನು ಕುಡಿದು, ಲೋಟವನ್ನು ಎಡಗೈಯಲ್ಲಿ ಎತ್ತಿಕೊಂಡು ಹೋಗಿ ತೊಟ್ಟಿಯಲ್ಲಿಟ್ಟ. ಬಲಗೈ ಆಗಲೇ ಪ್ಯಾಂಟಿನ ಜೇಬು ಸೇರಿತ್ತು.

ಅದರ ಸ್ವಭಾವ ವಿಚಿತ್ರ. ಸುಮ್ಮನೆ ಬಿಟ್ಟರೆ ಸಾಧು. ಏನನ್ನಾದರೂ ಹಿಡಿಯಲು ಹೋದರೆ, ಅದರಲ್ಲೂ ಚಿಕ್ಕದನ್ನು, ಗುರಿಯಿಟ್ಟು ಹಿಡಿಯಬೇಕಾದ್ದನ್ನು, ಆಗ ನಡುಕ ಶುರು. ಬೇಸಿಗೆಗೆ ಮುಂಚೆ ಒಂದು ದಿನ ಸಣ್ಣ ನಟ್ಟೊಂದನ್ನು ಬೋಲ್ಟಿಗೆ ತೊಡಿಸಲು ಹೋಗಿ ಅದು ಮೂರು ಸಲ ಜಾರಿ ಬಿದ್ದಾಗ ಎಣ್ಣೆಯ ಮೇಲೆ ತಪ್ಪು ಹಾಕಿದ್ದ. ಆಮೇಲೆ ನಿದ್ದೆಯ ಮೇಲೆ ಹಾಕಿದ್ದ, ಆಮೇಲೆ ಚಳಿಯ ಮೇಲೆ, ಬೇಸಿಗೆ ಬಂದ ಮೇಲೆ ಸೆಕೆಯ ಮೇಲೆ. ಹಾಕಲು ಇನ್ನೇನೂ ಉಳಿಯದಿದ್ದಾಗ ಕೈಯನ್ನೇ ಜೇಬಿನೊಳಗೆ ಹಾಕಿಕೊಂಡಿದ್ದ. ಅವನ ಗಾಡಿ ರಿಪೇರಿಯ ಶೆಡ್ಡಿನಲ್ಲಿ ಪಕ್ಕದ ಮೂಲೆ ಬಾಡಿಗೆಗೆ ಹಿಡಿದಿದ್ದ ವೆಲ್ಡರ್ ಒಬ್ಬನಿದ್ದಾನೆ, ಬಾಯಿಬಡುಕ, ಮನಸ್ಸಿನಲ್ಲಿ ಏನೂ ಇಲ್ಲದವನು. ಅವನು ಇವತ್ತೂ ಬೆಳಿಗ್ಗೆ ಬಂದವನೇ, "ಏನ್ ಮೇಸ್ತ್ರಿ, ಜೇಬಲ್ಲಿ ಅಂಥಾ ನಿಧಿ ಏನಿಟ್ಟಿದೀರಾ, ಕೈ ಈಚೆಗೇ ಬರಲ್ಲ?" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವನು ತಟ್ಟನೆ ಕೈ ಹೊರತೆಗೆದು, ತೆಗೆದದ್ದಕ್ಕೆ ನೆಪ ಬೇಕಲ್ಲ ಎಂದು ಮೂಗು ತುರಿಸಿಕೊಂಡ. ವೆಲ್ಡರ್ ಆಗಲೇ ಮುಖಕ್ಕೆ ಗಾಜಿನ ಪರದೆ ಇಳಿಸಿಕೊಂಡು ಕಿಡಿ ಹಾರಿಸತೊಡಗಿದ್ದ. ಯಾರೂ ನೋಡಿರಲಿಲ್ಲ.

ಅವನಿಗೆ ಕೆಲಸ ಕಲಿಸಿದ ಹಳೇ ಮೇಸ್ತ್ರಿ ಗಿರಾಕಿಗಳ ಮಾತನ್ನು ಕೊನೆಯಲ್ಲಿ ಕೇಳುತ್ತಿದ್ದರು. "ಮೊದಲು ಗಾಡಿ ಏನು ಹೇಳ್ತದೆ ಕೇಳು, ಆಮೇಲೆ ಯಜಮಾನ ಏನು ಹೇಳ್ತಾನೆ ಕೇಳು" ಎಂದು ಗೇರಿನ ಕೋಲಿನ ಮೇಲೆ ಅಂಗೈ ಇಟ್ಟು ಕಣ್ಣುಮುಚ್ಚುತ್ತಿದ್ದರು. ನಡುಕ ಚಕ್ರದ್ದೋ, ಸ್ಟೇರಿಂಗಿನದೋ, ಶಾಫ್ಟಿನದೋ, ಎಂಜಿನ್ನಿನದೋ, ಎಲ್ಲಕ್ಕೂ ಬೇರೆಬೇರೆ ಬಡಿತ. ಅಂಗೈಗೆ ತಿಳಿಯುತ್ತದೆ, ಕಿವಿಗಲ್ಲ. ಆ ವಿದ್ಯೆ ಅವನಿಗೆ ಬೇಗ ಹತ್ತಿತು. ಅವನದು ಕೈಗುಣ ಎಂದು ಜನ ಆಡಿಕೊಂಡರು. ಅದೇ ಮಾತನ್ನು ಅಕ್ಕನ ಬಗ್ಗೆಯೂ ಆಡುತ್ತಿದ್ದರು. ಅವಳು ದನದ ಡಾಕ್ಟರು, ಅವನಿಗಿಂತ ಎಂಟು ವರ್ಷಕ್ಕೆ ಹಿರಿಯಳು, ಬೆಟ್ಟದ ಮೇಲಿನ ಕೊಟ್ಟಿಗೆಗಳಿಗೆಲ್ಲ ಹಗಲೂ ರಾತ್ರಿ ಅವಳದೇ ಓಡಾಟ. ಅಡ್ಡ ಬಿದ್ದ ಕರುವನ್ನು ಹಸುವಿನ ಹೊಟ್ಟೆಯೊಳಗೇ ತಿರುಗಿಸಿ ಜೀವಂತ ಹೊರತೆಗೆಯುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಅಮ್ಮ ಇದ್ದಾಗ ಬಂದವರಿಗೆಲ್ಲ ಹೇಳುತ್ತಿದ್ದಳು: "ನನ್ನ ಇಬ್ಬರು ಮಕ್ಕಳಿಗೂ ದೇವರು ತಲೇಲಿ ಏನಿಟ್ಟನೋ ಕಾಣೆ, ಅನ್ನ ಮಾತ್ರ ಕೈಯಲ್ಲೇ ಇಟ್ಟ." ಅಮ್ಮ ಬೇಗ ಹೋದದ್ದೇ ಒಳ್ಳೆಯದಾಯಿತು ಎಂದು ಅವನಿಗೆ ಈಚೆಗೆ ಒಂದೆರಡು ಸಲ ಅನ್ನಿಸಿತ್ತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು.

ಅಕ್ಕನ ಗಾಡಿ ಬಂದಾಗ ಬಿಸಿಲು ಶೆಡ್ಡಿನ ಒಳಗೆ ಅರ್ಧದವರೆಗೆ ಬಂದಿತ್ತು. ಹಾರ್ನ್ ಹೊಡೆಯಲಿಲ್ಲ. ಎಂದೂ ಹಾರ್ನ್ ಹೊಡೆಯದೆ ಬಂದವಳಲ್ಲ ಅವಳು; ತಿರುವಿನಿಂದಲೇ ಬಾರಿಸಿಕೊಂಡು, ವೆಲ್ಡರನನ್ನು ಬೈದುಕೊಂಡು, ಬಾಗಿಲು ದಡಾರೆಂದು ಮುಚ್ಚಿಕೊಂಡು ಇಳಿಯುವವಳು. ಇವತ್ತು ನಿಧಾನಕ್ಕೆ ಬಂದು, ಗೋಡೆಗೆ ತಾಗಬಹುದೇನೋ ಎಂಬ ಹೆದರಿಕೆಯಿಂದ ಎರಡು ಸಲ ಹಿಂದೆಮುಂದೆ ಮಾಡಿ ನಿಲ್ಲಿಸಿದಳು. ಇಳಿದ ಮೇಲೆ ಎರಡೂ ಕೈಯನ್ನು ಎದೆಗೆ ಕಟ್ಟಿಕೊಂಡಳು. ಕಾಲಲ್ಲಿ ಮಂಡಿಯುದ್ದದ ರಬ್ಬರ್ ಬೂಟು ಇರಲಿಲ್ಲ, ಪೇಟೆಗೆ ಹೋಗುವವರ ಚಪ್ಪಲಿ ಇತ್ತು. ಕೆಲಸದ ದಿನ ಅಕ್ಕನ ಕಾಲ್ಬೆರಳುಗಳನ್ನು ಅವನು ಕಂಡದ್ದೇ ಇಲ್ಲ.

"ಎಣ್ಣೆ ಸೋರ್ತಿದೆ ಕಣೋ ಮರಿ," ಎಂದಳು. ಐವತ್ತು ಮುಟ್ಟಿದವನನ್ನು ಹಾಗೆ ಕರೆಯುವವರು ಲೋಕದಲ್ಲಿ ಅವಳೊಬ್ಬಳೇ. "ನಿಲ್ಲಿಸಿದ ಕಡೆಯೆಲ್ಲ ಕಪ್ಪು ಮಚ್ಚೆ. ಮುಂದಿನ ಚಕ್ರದ ನಡುವೆ."

"ಆಯಿಲ್ ಸೀಲ್ ಹೋಗಿರ್ಬೇಕು."

"ಬೇಸಿಗೇಲಿ ಹೊಸದು ಹಾಕಿದ್ದೆ ಅಂದ್ಯಲ್ಲ?"

"ಹಾಕಿದ್ದೆ."

"ಮೂಗು ಸೋರಿದ್ರೆ ಮೂಗಿಗೆ ಬಿರಡೆ ಹಾಕಿದ ಹಾಗಾಗಿದೆ ನೋಡು. ಒಳಗೆ ಏನು ಕಾಯಿಲೆ ಅಂತ ನೋಡ್ಬೇಕು." ನಕ್ಕಳು, ಹಳೆಯ ನಗುವೇ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡ. ಸೋಮವಾರದೊಳಗೆ ಸರಿ ಮಾಡಿ ಕೊಡಪ್ಪ. ಆ ಹುಡುಗಿಗೆ ಸೋರೋ ಗಾಡಿ ಕೊಟ್ರೆ ಮರ್ಯಾದೆಯಾ?"

"ಯಾವ ಹುಡುಗಿ?"

"ಹೊಸ ಡಾಕ್ಟರು. ಬೆಟ್ಟದ ಮೇಲಿನ ಕೆಲಸವೆಲ್ಲ ಇನ್ಮೇಲೆ ಅವಳದೇ. ಗಾಡೀನೂ ಅವಳಿಗೇ ಕೊಡ್ತಿದೀನಿ. ನಾನು ಆಸ್ಪತ್ರೇಲೇ ಕೂತು ಕೋಳಿಗೆ ಲಸಿಕೆ, ನಾಯಿಗೆ ಹುಳದ ಮಾತ್ರೆ..." ಕಟ್ಟಿದ ಕೈಯನ್ನು ಇನ್ನಷ್ಟು ಬಿಗಿದುಕೊಂಡಳು. "ನೀನೇ ಹೇಳಿದ್ಯಲ್ಲ."

ಅವನು ಹೇಳಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ, ಬೇರೆಯವರ ಮನೆಯಲ್ಲಿ ಕೂತು ಬೆಳೆಯುತ್ತದೆ. ಬೇಸಿಗೆಯ ನಡುವೆ ಅವಳು ಬಂದು, "ಮರಿ, ನೀನು ಸೀಲು ಹಾಕೋಕೆ ಶಾಫ್ಟು ಬಿಚ್ಚಿ ಜೋಡಿಸಿದ ಮೇಲೆ ಸ್ಟೇರಿಂಗಲ್ಲಿ ಏನೋ ನಡುಕ ಕಣೋ, ಸ್ವಲ್ಪ ಜೋರಾಗಿ ಹೋದ್ರೆ ಸಾಕು" ಎಂದಿದ್ದಳು. ಅವನು ಗಾಡಿ ತೆಗೆದುಕೊಂಡು ಕೆರೆಯ ಏರಿಯವರೆಗೆ ಒಬ್ಬನೇ ಹೋಗಿ ಬಂದ. ಅಂಗೈಯಲ್ಲಿ ನಡುಕವಿತ್ತು. ಇದ್ದೇ ಇತ್ತು. ಆದರೆ ಅಷ್ಟರಲ್ಲಿ ಅವನಿಗೆ ಲೋಟದಲ್ಲೂ ನಡುಕ, ಬಾಚಣಿಗೆಯಲ್ಲೂ ನಡುಕ, ಬೀಗದ ಕೈಯಲ್ಲೂ ನಡುಕ. ಇದು ಗಾಡಿಯದಲ್ಲ, ನನ್ನದು, ನನ್ನ ಕೈ ಹೋಯಿತು, ಇನ್ನು ಇದಕ್ಕೆ ಯಾವ ಗಾಡಿಯ ಮಾತೂ ಕೇಳಿಸುವುದಿಲ್ಲ ಎಂಬ ಭಯ ಏರಿಯ ಮೇಲೆ ಅವನನ್ನು ಹಿಡಿದು ಅಲ್ಲಾಡಿಸಿತ್ತು. ಗಾಡಿ ನಿಲ್ಲಿಸಿ ನೀರು ನೋಡುತ್ತ ಸುಮಾರು ಹೊತ್ತು ಕೂತಿದ್ದ. ಹಿಂದಿರುಗಿ ಬಂದಾಗ ಅಕ್ಕ ಸ್ಟೂಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. "ಗಾಡೀಲಿ ಏನೂ ಇಲ್ಲ" ಎಂದ. "ಮತ್ತೆ ನಡುಗತ್ತಲ್ಲೋ?" ಎಂದಳು. ಆಗ ಎಲ್ಲಿಂದ ಬಂತೋ ಆ ನಗು, ಆ ಸಲೀಸು: "ನಿನ್ನ ಕೈ ಇರ್ಬೇಕು ಅಕ್ಕ. ವಯಸ್ಸಾಯ್ತಲ್ಲ!" ಅವಳು ಸುಲಿದ ಕಡಲೆಕಾಯಿಯನ್ನು ಬಾಯಿಗೆ ಹಾಕಿಕೊಳ್ಳದೆ ತನ್ನ ಬೆರಳುಗಳನ್ನೇ ನೋಡಿದಳು. ತಮ್ಮ ಹೇಳಿದ್ದು. ತಮ್ಮನ ಅಂಗೈ ಸುಳ್ಳು ಹೇಳುವುದಿಲ್ಲ. ಅವತ್ತು ಹೋಗುವಾಗ ಅವಳು ಹಾರ್ನ್ ಹೊಡೆದಳೋ ಇಲ್ಲವೋ ಅವನಿಗೆ ನೆನಪಿಲ್ಲ.

"ಬಾ, ಒಂದು ಸುತ್ತು ಹೋಗಿ ನೋಡೋಣ," ಎಂದ ಈಗ. ಯಾಕೆ ಎಂದನೋ. ಎಣ್ಣೆ ಸೋರುವುದಕ್ಕೆ ಸುತ್ತು ಹೋಗಬೇಕಿಲ್ಲ.

"ನೀನೇ ಓಡಿಸು. ನಾನು ಬರೀ ಆಸ್ಪತ್ರೆಗೆ ಮನೆಗೆ ಅಷ್ಟೇ ಓಡಿಸೋದು ಈಗ."

ಹಿಂದಿನ ಸೀಟಿನ ಕೆಳಗೆ ರಬ್ಬರ್ ಬೂಟುಗಳು ಬಿದ್ದಿದ್ದವು, ಒಣಗಿದ ಸಗಣಿ ಇನ್ನೂ ಹಿಮ್ಮಡಿಗೆ ಅಂಟಿಕೊಂಡಿತ್ತು. ರಸ್ತೆ ಖಾಲಿಯಿತ್ತು. ವೇಗ ಏರುತ್ತಿದ್ದ ಹಾಗೆ ನಡುಕ ಬಂತು. ಮೊದಲು ಸಣ್ಣಗೆ, ಆಮೇಲೆ ಮೊಣಕೈವರೆಗೆ. ಗಾಡಿಯದೋ ನನ್ನದೋ? ಬಿಗಿಯಾಗಿ ಹಿಡಿದರೆ ಹೆಚ್ಚಾಯಿತು, ಸಡಿಲ ಬಿಟ್ಟರೂ ಹೋಗಲಿಲ್ಲ. ಪಕ್ಕದಲ್ಲಿ ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು, ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಚಿಕ್ಕಂದಿನಲ್ಲಿ ಅಪ್ಪ ಹೊಡೆಯಲು ಬಂದಾಗ ಕೂರುತ್ತಿದ್ದಳಲ್ಲ ಹಾಗೆ. ಒಂದು ಸಲ ಅವನು ಒಡೆದ ಹೂಜಿಯನ್ನು ತಾನೇ ಒಡೆದೆನೆಂದು ಹೇಳಿ ಏಟು ತಿಂದಿದ್ದಳು. ಆ ಹೊತ್ತು ಅವನು ಬಾಗಿಲ ಹಿಂದೆ ನಿಂತು ಏಟು ಎಣಿಸಿದ್ದ, ಹೊರಗೆ ಬಂದಿರಲಿಲ್ಲ. ಅವನ ಕಣ್ಣು ತಲೆಯ ಮೇಲಿನ ಕನ್ನಡಿಗೆ ಹೋಯಿತು. ಕನ್ನಡಿಯೊಳಗೆ ಹಿಂದಿನ ರಸ್ತೆ, ಮರ, ಮೈಲಿಗಲ್ಲು ಎಲ್ಲ ಕಲಸಿಹೋಗಿ ಗಡಗಡ ನಡುಗುತ್ತಿದ್ದವು. ಕನ್ನಡಿಗೆ ಕೈಯಿಲ್ಲ. ಕನ್ನಡಿಗೆ ವಯಸ್ಸಾಗಿಲ್ಲ.

ಗಾಡಿ ನಿಲ್ಲಿಸಿ ಇಳಿದ. ಈ ಜಾತಿಯ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುತ್ತದೆ. ಮುಂದಿನ ಎರಡಕ್ಕೆ ಅದನ್ನು ಒಯ್ಯಲು ಹೊಟ್ಟೆಯ ಕೆಳಗೆ ಉದ್ದನೆಯ ಶಾಫ್ಟೊಂದಿದೆ. ಮುಂದಿನ ಒಂದೊಂದು ಚಕ್ರದ ನಡುಮಧ್ಯದಲ್ಲೂ ಇರುವ ತಿರುಪನ್ನು ಲಾಕ್ ಮಾಡಿದರೆ ಓಡುವಾಗೆಲ್ಲ ಆ ಶಾಫ್ಟು ತಿರುಗುತ್ತದೆ, ಬಿಚ್ಚಿದರೆ ಸುಮ್ಮನೆ ಮಲಗಿರುತ್ತದೆ. ಬೆಟ್ಟದ ದಾರಿಯವಳಾದ್ದರಿಂದ ಅಕ್ಕ ಲಾಕು ಬಿಚ್ಚುವ ಅಭ್ಯಾಸವನ್ನೇ ಇಟ್ಟುಕೊಂಡಿರಲಿಲ್ಲ. ಅವನು ಎರಡೂ ಕಡೆ ಲಾಕು ಬಿಚ್ಚಿ ಮತ್ತೆ ಓಡಿಸಿದ, ಅದೇ ವೇಗ. ಕನ್ನಡಿಯಲ್ಲಿ ಮೈಲಿಗಲ್ಲು ಮೈಲಿಗಲ್ಲಾಗಿ ನಿಂತಿತ್ತು. ಸ್ಟೇರಿಂಗಿನ ಮೇಲೆ ಉಳಿದಿದ್ದ ಸಣ್ಣ ನಡುಕ ಅವನೊಬ್ಬನದೇ. ಶಾಫ್ಟು! ಅವನೇ ಬಿಚ್ಚಿ, ಅವನೇ ಜೋಡಿಸಿದ ಶಾಫ್ಟು.

"ಏನಾದ್ರೂ ಗೊತ್ತಾಯ್ತಾ?" ಎಂದಳು ಅಕ್ಕ.

"ಕೆಳಗಿಳಿದು ನೋಡ್ಬೇಕು."

ಶೆಡ್ಡಿನ ಗುಂಡಿಗೆ ಇಳಿದರೆ ಮೇಲಿನ ಲೋಕ ಬರೀ ಕಾಲುಗಳ ಲೋಕ. ಅವನು ದೀಪ ಕೊಕ್ಕೆಗೆ ಸಿಕ್ಕಿಸಿದ. ಮುಂದಿನ ಚಕ್ರಗಳ ನಡುವೆ ಹಲ್ಲುಚಕ್ರಗಳನ್ನು ಮುಚ್ಚಿದ ಗುಂಡು ಹೌಸಿಂಗಿನ ಮೂತಿಯಲ್ಲಿ, ಶಾಫ್ಟು ಬಂದು ಸೇರುವಲ್ಲಿ, ಎಣ್ಣೆ ಜಿನುಗಿ, ತಿರುಗುವ ರಭಸಕ್ಕೆ ಸುತ್ತಲೂ ಸಿಡಿದು, ಗಾಡಿಯ ತಳದ ಮೇಲೆ ಅಡ್ಡಡ್ಡ ಒಂದು ಕಪ್ಪು ಗೆರೆ ಎಳೆದಿತ್ತು. ಎಣ್ಣೆ ತಡೆಯುವ ರಬ್ಬರ್ ಸೀಲು ತಾನಾಗಿ ಹೋದದ್ದಲ್ಲ, ಶಾಫ್ಟು ಕುಣಿದು ಕುಣಿದು ಅದನ್ನು ತಿಂದುಹಾಕಿತ್ತು. ನಡುಕ ಮೊದಲು, ಸೋರುವುದು ಆಮೇಲೆ. ಎರಡೂ ಒಂದೇ ಕಾಯಿಲೆ. ಒಂದು ಹನಿ ಅವನ ಕೆನ್ನೆಯ ಮೇಲೆ ಬಿತ್ತು, ಒರೆಸಿಕೊಳ್ಳಲಿಲ್ಲ.

ಗುಂಡಿಯ ಅಂಚಿಗೆ ಅಕ್ಕನ ಚಪ್ಪಲಿ ಬಂದು ನಿಂತಿತು. ಸ್ಟೂಲು ಎಳೆದ ಸದ್ದು. ಕೂತಳು.

"ಹೋದ ತಿಂಗಳು ಮೇಲಿನ ದಿಣ್ಣೆ ಮನೆಯವರು ಬಂದಿದ್ರು," ಎಂದಳು, ಯಾರೂ ಕೇಳದೆಯೇ. "ಚೊಚ್ಚಲ ಹಸು. ಕಂದು ಬಣ್ಣದ್ದು. ಕರು ಅಡ್ಡ ಬಿದ್ದಿತ್ತು. ನಾನು ಎಷ್ಟು ಮಾಡಿಲ್ಲ ಅಂಥದ್ದು! ಹೋದೆ. ಕೈಗೆಲ್ಲ ಎಣ್ಣೆ ಹಚ್ಕೊಂಡೆ. ಹಚ್ಕೊಂಡು ನಿಂತೆ ಕಣೋ. ನಿಂತೇ ಇದ್ದೆ. ಒಳಗೆ ಹೋದ್ಮೇಲೆ ನಡುಗಿ ಗರ್ಭ ಹರಿದುಬಿಟ್ರೆ ಏನ್ ಗತಿ ಅಂತ... ಆ ಹಸು ತಿರುಗಿ ತಿರುಗಿ ನನ್ನೇ ನೋಡೋದು. ಟೆಂಪೋ ತರಿಸಿ ದೊಡ್ಡಾಸ್ಪತ್ರೆಗೆ ಕಳಿಸಿಬಿಟ್ಟೆ."

ಮತ್ತೊಂದು ಹನಿ.

"ದಾರೀಲೇ ಹೋಯ್ತು. ಎರಡೂ. ಆ ಮನೆಯಾಕೆ ಬೈಲಿಲ್ಲ. 'ಬಿಡಿ ಡಾಕ್ಟ್ರಮ್ಮ, ವಯಸ್ಸು ಅಂದ್ಮೇಲೆ ಎಲ್ರಿಗೂ ಇದ್ದದ್ದೇ' ಅಂದ್ಲು. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಅವತ್ತೇ ತೀರ್ಮಾನ ಮಾಡಿದೆ, ಸಾಕು ಅಂತ." ಚಪ್ಪಲಿಯೊಳಗೆ ಕಾಲ್ಬೆರಳುಗಳು ಮುದುಡಿಕೊಂಡವು. "ಕೇಳಿಸ್ತಾ ಇದ್ಯೇನೋ?"

"ಹೂಂ," ಎಂದ ಅವನು ಗುಂಡಿಯಿಂದ. ಆ ಹೂಂ ಅವನಿಗೇ ಅಸಹ್ಯವಾಯಿತು.

ಹತ್ತಿನೂಲಿನ ವೇಸ್ಟಿನಲ್ಲಿ ಶಾಫ್ಟಿನ ಕೊರಳನ್ನು ಒರೆಸಿದ. ಈ ಶಾಫ್ಟು ಎರಡು ತುಂಡು. ಒಂದರ ಹಲ್ಲುಗಳು ಇನ್ನೊಂದರ ಕೊಳವೆಯೊಳಗೆ ಸೇರಿಕೊಳ್ಳುತ್ತವೆ. ಬೇರೆ ಮಾಡುವ ಮುಂಚೆ ಈ ತುಂಡಿನ ಮೇಲೊಂದು ಆ ತುಂಡಿನ ಮೇಲೊಂದು ಚೂಪು ಮೊನೆಯ ಪಂಚಿನಿಂದ ಚುಕ್ಕಿ ಹೊಡೆದಿಟ್ಟುಕೊಳ್ಳಬೇಕು, ಜೋಡಿಸುವಾಗ ಚುಕ್ಕಿಗೆ ಚುಕ್ಕಿ ಎದುರಾಗಬೇಕು. ಒಂದೇ ಒಂದು ಹಲ್ಲು ಆಚೀಚೆಯಾದರೂ ಎರಡೂ ತುದಿಯ ಕವಲುಗಳು ಒಂದಕ್ಕೊಂದು ಮುಖ ತಿರುಗಿಸಿ ನಿಂತು ಓಡುವಾಗ ಜಗಳ ತೆಗೆಯುತ್ತವೆ. ಹಳೇ ಮೇಸ್ತ್ರಿ ಕಲಿಸಿದ ಮೊದಲನೆಯ ಪಾಠ. ಸೀಮೆಸುಣ್ಣದಲ್ಲಿ ಗುರುತು ಮಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕೊಳವೆಯ ಮೇಲೆ ಒಂದು ಚುಕ್ಕಿಯಿತ್ತು. ಹಲ್ಲಿನ ತುಂಡಿನ ಮೇಲೆ ಎರಡಿದ್ದವು. ಒಂದು ಆಳದ್ದು, ದುಂಡಗಿನದು. ಇನ್ನೊಂದು ಅದರ ಪಕ್ಕಕ್ಕೆ, ಜಾರಿದ್ದು, ಸಣ್ಣ ಬಾಲವಿದ್ದದ್ದು. ಬೇಸಿಗೆಯಲ್ಲಿ ಬಿಚ್ಚಿದ ಆ ದಿನ ಸುತ್ತಿಗೆ ಕೈಯಲ್ಲಿ ಹೊರಳಿತ್ತು, ಪಂಚು ಹಾರಿತ್ತು. ವೆಲ್ಡರ್ ಅತ್ತ ಕಡೆಯಿಂದ "ಏನಾಯ್ತು?" ಎಂದಿದ್ದ. "ಏನಿಲ್ಲ" ಎಂದು ಎರಡನೆಯ ಏಟು ಹೊಡೆದಿದ್ದ. ತಪ್ಪಿದ್ದನ್ನು ಆಮೇಲೆ ಉಜ್ಜಿ ತೆಗೆದರಾಯಿತು ಎಂದುಕೊಂಡ, ಆಮೇಲೆ ಜೇಬಿನ ಧ್ಯಾನದಲ್ಲಿ ಮರೆತ, ಜೋಡಿಸುವಾಗ ವೆಲ್ಡರ್ ಈ ಕಡೆ ಬರುವ ಮುಂಚೆ ಮುಗಿಸುವ ಅವಸರದಲ್ಲಿ ಕಣ್ಣಿಗೆ ಸಿಕ್ಕ ಚುಕ್ಕಿಗೆ ಕೂಡಿಸಿಬಿಟ್ಟ. ಬಾಲವಿದ್ದ ಚುಕ್ಕಿಗೆ. ದೀಪದ ಬೆಳಕಲ್ಲಿ ಅದು ಈಗ ಹೊಳೆಯುತ್ತಿತ್ತು.

ಹಾಗಾದರೆ ಆವತ್ತು ಕೆರೆಯ ಏರಿಯ ಮೇಲೆ ಅವನ ಅಂಗೈ ಸುಳ್ಳು ಹೇಳಿರಲಿಲ್ಲ. ನಡುಗುವ ಕೈಯೇ ನಿಜವನ್ನು ಹೇಳಿತ್ತು, ನಡುಗದ ನಾಲಿಗೆ ಸುಳ್ಳು ಹೇಳಿತ್ತು. ಒಂದು ಕ್ಷಣ, ನಾಚಿಕೆಗೆಟ್ಟವನಿಗೆ, ಸಂತೋಷವಾಯಿತು: ವಿದ್ಯೆ ಹೋಗಿಲ್ಲ! ಮರುಕ್ಷಣವೇ ಮೇಲಿನಿಂದ ಅಕ್ಕ ಮೂಗೇರಿಸಿದ ಸದ್ದು ಕೇಳಿಸಿತು. ಆ ಸಂತೋಷವನ್ನು ಎಲ್ಲಿಡುವುದೆಂದು ತಿಳಿಯದೆ ಅವನು ಸ್ಪ್ಯಾನರ್ ಎತ್ತಿಕೊಂಡ.

ಯಾರಿಗೂ ಹೇಳಬೇಕಾಗಿಲ್ಲ. ಅದೇ ಈ ಕೆಲಸದ ಸುಖ. ಗುಂಡಿಯೊಳಗೆ ನಡೆದದ್ದು ಗುಂಡಿಯೊಳಗೇ. ಶಾಫ್ಟು ಇಳಿಸಿ, ಒಂದು ಹಲ್ಲು ತಿರುಗಿಸಿ ಸೇರಿಸಿ, ಹೊಸ ಸೀಲು ಹೊಡೆದು, ಎಣ್ಣೆ ತುಂಬಿದರೆ ಸಂಜೆಯೊಳಗೆ ಗಾಡಿ ಬೆಣ್ಣೆ. ಸೋಮವಾರ ಆ ಹುಡುಗಿ ಓಡಿಸುತ್ತಾಳೆ, ನಡುಗುವುದಿಲ್ಲ, ಎಳೇ ಕೈ ನೋಡಿ ಎನ್ನುತ್ತಾರೆ ಜನ. ಅಕ್ಕ ಕೋಳಿಗಳಿಗೆ ಲಸಿಕೆ ಹಾಕಿಕೊಂಡು, ತನ್ನ ಬೆರಳು ತಾನೇ ನೋಡಿಕೊಂಡು ಕೂತಿರುತ್ತಾಳೆ. ಹೇಗೂ ಒಂದಲ್ಲ ಒಂದು ದಿನ ಬಿಡಬೇಕಾದ ಕೆಲಸ. ಆ ಹಸು ಹೇಗೂ ಸತ್ತಾಯಿತು. ಹೇಳಿದರೆ ಎದ್ದು ಬರುವುದೇ? ಹೇಳಿದರೆ ಮಾತ್ರ ನಾಳೆಯಿಂದ ಈ ಶೆಡ್ಡಿನ ಮುಂದೆ ಯಾವ ಗಾಡಿ ನಿಲ್ಲುತ್ತದೆ? ಕೈ ನಡುಗುವ ಮೇಸ್ತ್ರಿಯ ಹತ್ತಿರ ಯಾರು ಬ್ರೇಕು ಬಿಚ್ಚಿಸುತ್ತಾರೆ? ಎಲ್ಲ ಲೆಕ್ಕವೂ ಸರಿಯಾಗಿಯೇ ಇತ್ತು. ಶಾಫ್ಟು ಇಳಿಸಿ, ಹೊಸ ಸೀಲು ಹೊಡೆದು, ಶಾಫ್ಟನ್ನು ಮೇಲೆ ತಂದು ಬೆಂಚಿನ ಮೇಲೆ ಮಲಗಿಸಿದ. ಅಕ್ಕ ವೆಲ್ಡರನ ಜೊತೆ ಅವನ ನಾಯಿಯ ಹುಳುಕಡ್ಡಿಯ ವಿಷಯ ಮಾತಾಡುತ್ತಿದ್ದಳು. ಅವನು ಬೆನ್ನು ತಿರುಗಿಸಿ ಅರ ಎತ್ತಿಕೊಂಡ. ಬಾಲದ ಚುಕ್ಕಿಯನ್ನು ಉಜ್ಜಿಬಿಟ್ಟರೆ ಸಾಕ್ಷಿಯೂ ಇಲ್ಲ.

ಉಜ್ಜಿದ. ಅರ ಹಿಡಿದ ಕೈ ತನ್ನ ಆಟ ಶುರುಮಾಡಿತು. ಬಿಗಿ ಹಿಡಿದಷ್ಟೂ ಅದು ಎತ್ತೆತ್ತಲೋ ಓಡಿತು. ನಿಲ್ಲಿಸಿ ಪುಡಿ ಊದಿ ನೋಡಿದರೆ ಎರಡೂ ಚುಕ್ಕಿ ಹೋಗಿದ್ದವು. ಸುಳ್ಳಿನ ಜೊತೆಗೆ ನಿಜದ್ದೂ. ಕಬ್ಬಿಣದ ಮೇಲೆ ಬರೀ ಬೆಳ್ಳಗಿನ ಗಾಯವಿತ್ತು. ಕವಲುಗಳನ್ನು ಕಣ್ಣಳತೆಯಲ್ಲೇ ನೇರಕ್ಕೆ ತಂದು ಕೂಡಿಸಿದ. ಅಷ್ಟನ್ನು ಕಣ್ಣು ಮಾಡಿತು. ಇನ್ನು ಹೊಸ ಚುಕ್ಕಿ ಹೊಡೆಯಬೇಕು, ಇಲ್ಲದಿದ್ದರೆ ಮುಂದೆ ಬಿಚ್ಚುವವನಿಗೆ ದಾರಿಯಿಲ್ಲ. ಎಡಗೈಯಲ್ಲಿ ಪಂಚು ನಿಲ್ಲಿಸಿದ, ಬಲಗೈಯಲ್ಲಿ ಸುತ್ತಿಗೆ ಎತ್ತಿದ. ಸುತ್ತಿಗೆಯ ತಲೆ ಗಾಳಿಯಲ್ಲಿ ತೂಗತೊಡಗಿತು. ಇಳಿಸಿದ. ಮತ್ತೆ ಎತ್ತಿದ. ವೆಲ್ಡರನನ್ನು ಕರೆದರೆ ಒಂದು ಏಟು ಹೊಡೆದು ಕೊಡುತ್ತಿದ್ದ, ಒಂದು ತಮಾಷೆ ಮಾಡಿ ಮರೆಯುತ್ತಿದ್ದ. ಅವನ ಹೆಸರೇ ಬಾಯಿಗೆ ಬಂದಿತ್ತು. ಬಾಯಿಯಿಂದ ಹೊರಬಿದ್ದದ್ದು ಬೇರೆ.

"ಅಕ್ಕ, ಇಲ್ಲಿ ಬಾ ಸ್ವಲ್ಪ."

ಬಂದಳು.

"ಈ ಪಂಚಿನ ಮೇಲೆ ಒಂದು ಏಟು ಹೊಡಿ."

"ನಾನಾ? ಹುಚ್ಚೇನೋ ನಿನಗೆ? ನನ್ನ ಕೈ..."

"ನಿನ್ನ ಕೈಗೇನೂ ಆಗಿಲ್ಲ." ತೊದಲದೆ ಹೇಳಬೇಕೆಂದುಕೊಂಡಿದ್ದ, ತೊದಲಿದ. "ಗಾಡಿ ನಡುಗ್ತಿದ್ದದ್ದು ಗಾಡಿಯದೇ. ನಾನು ತಪ್ಪು ಜೋಡಿಸಿದ್ದೆ. ಕೈ ನಡುಗೋದು ನನ್ನದು ಅಕ್ಕ. ನಿನ್ನದಲ್ಲ. ನನ್ನದು."

ಅವಳು ಅವನ ಮುಖ ನೋಡಲಿಲ್ಲ. ಗಾಳಿಯಲ್ಲಿದ್ದ ಸುತ್ತಿಗೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು, ಕುಂಟುವ ದನವನ್ನು ಅಂಗಳದಲ್ಲಿ ನಡೆಸಿ ನೋಡುತ್ತಾಳಲ್ಲ ಹಾಗೆ. ಆಮೇಲೆ ಕಟ್ಟಿದ್ದ ಕೈ ಬಿಚ್ಚಿ ಸುತ್ತಿಗೆ ಕಸಿದುಕೊಂಡಳು, ಪಂಚನ್ನೂ ಕಸಿದುಕೊಂಡಳು. "ಎಲ್ಲಿ?" ಎಂದಳು. ಅವನು ತೋರಿಸಿದ. ಟಣ್ ಎಂದು ಒಂದು ಏಟು. ಕೊಳವೆಯ ಚುಕ್ಕಿಗೆ ನೇರ ಎದುರಿಗೆ, ದುಂಡಗೆ, ಆಳವಾಗಿ, ಒಂದೇ ಚುಕ್ಕಿ. ಅವಳು ಬಗ್ಗಿ ಅದನ್ನು ನೋಡಿದಳು. ಬೆರಳಿನಿಂದ ಮುಟ್ಟಿಯೂ ನೋಡಿದಳು. ವೆಲ್ಡರ್ ಮುಖಕ್ಕೆ ಗಾಜಿನ ಪರದೆ ಇಳಿಸಿಕೊಂಡು ತನ್ನ ಕೆಲಸಕ್ಕೆ ತಿರುಗಿದ.

ಶಾಫ್ಟು ಏರಿಸಿ, ಎಣ್ಣೆ ತುಂಬುವವರೆಗೂ ಅವಳು ಪಕ್ಕದಲ್ಲೇ ಇದ್ದಳು. ಅವನ ಬೆರಳಿಗೆ ಸಿಕ್ಕದ ನಟ್ಟುಗಳನ್ನು ಗುಂಡಿಗೆ ಇಳಿದು ತಾನೇ ತೊಡಿಸಿದಳು, ಪೇಟೆಯ ಚಪ್ಪಲಿಯಲ್ಲೇ. ಲಾಕು ತಾನೇ ಹಾಕಿದಳು. ಆಮೇಲೆ ಸ್ಟೇರಿಂಗಿಗೆ ಹತ್ತಿ, "ಕೂತ್ಕೊ" ಎಂದಳು.

ಬೆಟ್ಟದ ಕಡೆಯ ರಸ್ತೆ ಹಿಡಿದಳು. ಮೊದಲು ಹೆದರಿ ಹೆದರಿ, ಆಮೇಲೆ ಸ್ವಲ್ಪ, ಆಮೇಲೆ ಪೂರ್ತಿ ತುಳಿದಳು. ನಡುಕ ಬರಬೇಕಾದ ವೇಗ ಬಂತು, ದಾಟಿತು. ಕನ್ನಡಿಯಲ್ಲಿ ಹಿಂದಿನ ಮರಗಳು ಒಂದೊಂದಾಗಿ ಸರಿದು ಸಣ್ಣದಾದವು. ಅವಳು ಒಂದು ಕೈ ಎತ್ತಿ ಬೆರಳು ಅಗಲಿಸಿ ಗಾಜಿನ ಬೆಳಕಿಗೆ ಹಿಡಿದಳು, ಮತ್ತೆ ಇನ್ನೊಂದು. ಅಲ್ಲಾಡಲಿಲ್ಲ. ಇನ್ನು ನಗುತ್ತಾಳೆ, ಬೈಯುತ್ತಾಳೆ, ಹಾರ್ನ್ ಹೊಡೆಯುತ್ತಾಳೆ ಎಂದು ಅವನು ಕಾದ. ಅವಳು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದಳು.

"ತೋರಿಸು."

ಜೇಬಿನಿಂದ ತೆಗೆದ. ಮಣಿಕಟ್ಟು ಹಿಡಿದು, ಮೊಣಕೈ ಮಡಿಸಿ ಬಿಡಿಸಿ, ಒಂದೊಂದೇ ಬೆರಳನ್ನು ಒತ್ತಿ ನೋಡಿದಳು. ಅಕ್ಕನ ಕೈ ಬಿಸಿಯಾಗಿತ್ತು, ಗೇರ್ ಆಯಿಲಿನ ವಾಸನೆ ಹೊಡೆಯುತ್ತಿತ್ತು. ಅಳು ಬಂತು, ಅವಳೆದುರು ಅಳುವ ಹಕ್ಕು ತನಗಿಲ್ಲ ಎಂದು ನುಂಗಿಕೊಂಡ.

"ಸುಮ್ನಿದ್ದಾಗಲೂ ಬರತ್ತಾ?"

"ಇಲ್ಲ. ಏನಾದ್ರೂ ಹಿಡಿದ್ರೆ."

"ಯಾವಾಗಿಂದ?"

"ಬೇಸಿಗೆಗೆ ಮುಂಚಿನಿಂದ."

ಅವಳು ಮನಸ್ಸಿನಲ್ಲೇ ತಿಂಗಳುಗಳನ್ನು ಜೋಡಿಸುತ್ತಿದ್ದದ್ದು ಅವನಿಗೆ ಕಾಣುತ್ತಿತ್ತು. ಬೇಸಿಗೆ, ಕಡಲೆಕಾಯಿ, ಎಣ್ಣೆ ಹಚ್ಚಿದ ಕೈ, ಟೆಂಪೋ. "ಅಂದ್ರೆ ಆವತ್ತು ನನಗೆ ಹೇಳುವಾಗ ನಿನಗೆ ಗೊತ್ತಿತ್ತು," ಎಂದಳು.

"ಗಾಡಿಯದು ಗೊತ್ತಿರ್ಲಿಲ್ಲ ಅಕ್ಕ, ಆಣೆ. ಕೈಯದು ಗೊತ್ತಿತ್ತು."

"ನನ್ನದಲ್ಲ ಅಂತ ಗೊತ್ತಿತ್ತು."

ಅವನು ಹೌದೆಂದು ತಲೆಯಾಡಿಸಿದ. ಅವಳು ಅವನ ಕೈಯನ್ನು ಎಸೆಯಲಿಲ್ಲ. ನಿಧಾನಕ್ಕೆ ಅವನ ತೊಡೆಯ ಮೇಲೆಯೇ ಇಟ್ಟಳು.

"ನಾಳೆ ಬೆಳಿಗ್ಗೆ ತಯಾರಾಗಿರು. ನರದ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಇದಕ್ಕೆ ಮಾತ್ರೆ ಇದೆ, ಹೆದರ್ಬೇಡ."

"ಹೂಂ."

"ಈಗ ಇಳಿ."

"ಅಕ್ಕ..."

"ಇಳಿ ಮರಿ. ಇನ್ನು ಸ್ವಲ್ಪ ಹೊತ್ತು ನೀನು ಪಕ್ಕದಲ್ಲಿ ಕೂತಿದ್ರೆ ನನ್ನ ಕೈ ನಿಜವಾಗ್ಲೂ ನಡುಗತ್ತೆ."

ಇಳಿದ. ಬಾಗಿಲು ಹಾಕಲು ಹೋದಾಗ ಹಿಡಿಕೆ ಕೈಗೆ ಸಿಕ್ಕಲಿಲ್ಲ. ಅವಳೇ ಒಳಗಿನಿಂದ ಬಾಗಿ ಎಳೆದುಕೊಂಡಳು. ಗಾಡಿ ಹಿಂದಕ್ಕೆ ತಿರುಗಲಿಲ್ಲ, ಮೇಲಿನ ದಿಣ್ಣೆಯ ಕಡೆಗೆ ಹೋಯಿತು. ಆ ಮನೆಯಾಕೆಗೆ ಅವಳು ಏನು ಹೇಳಿಯಾಳು? ತಮ್ಮನ ಹೆಸರು ಹೇಳುತ್ತಾಳೋ, ಅಥವಾ ಚಿಕ್ಕಂದಿನ ಹಾಗೆ ಹೂಜಿ ಒಡೆದವಳು ನಾನೇ ಎನ್ನುತ್ತಾಳೋ? ಸದ್ದು ತಿರುವಿನಲ್ಲಿ ಸಣ್ಣದಾಗುವವರೆಗೂ ಅವನು ನಿಂತು ಕೇಳಿದ, ಎಲ್ಲೂ ಅಪಸ್ವರವಿರಲಿಲ್ಲ. ಅಭ್ಯಾಸಬಲದಿಂದ ಬಗ್ಗಿ ಗಾಡಿ ನಿಂತಿದ್ದ ಜಾಗ ನೋಡಿದ. ನೆಲ ಒಣಗಿತ್ತು, ಒಂದು ಹನಿಯೂ ಬಿದ್ದಿರಲಿಲ್ಲ. ಅಷ್ಟು ಚೆನ್ನಾಗಿ ಕೆಲಸವಾಗಿತ್ತು. ಅವನು ಶೆಡ್ಡಿನ ಕಡೆ ನಡೆಯತೊಡಗಿದ. ಬಲಗೈ ಜೇಬಿನ ಹೊರಗೇ ಇತ್ತು; ಆ ರಸ್ತೆಯಲ್ಲಿ ನೋಡುವವರು ಯಾರೂ ಇರಲಿಲ್ಲ.